ಹಸಿರು ಗೆರೆ

ಬಸಂತರಾಯನಿಗೆ ಬೆಳಿಗ್ಗೆಯಿಂದ ಇದ್ದದ್ದು ಒಂದೇ ಚಿಂತೆ: ಅಕ್ಕನ ತಲೆಯ ಮೇಲಿನ ಸೆರಗು ಜಾರಬಾರದು. ವಿಜಯಪುರದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿರಣ ಕೊಡುವ ವಿಭಾಗದ ಮುಂದೆ ಸಾಲಾಗಿ ಹಾಕಿದ್ದ ಕಬ್ಬಿಣದ ಕುರ್ಚಿಗಳಲ್ಲಿ ಗೋಡೆಗೆ ಹತ್ತಿದ ಕೊನೆಯ ಕುರ್ಚಿಯನ್ನೇ ಹುಡುಕಿ ಸಿದ್ದವ್ವನನ್ನು ಕೂರಿಸಿ, ಮಂದಿಯ ಕಡೆಗೆ ತಾನು ಕೂತಿದ್ದ. ಫ್ಯಾನಿನ ಗಾಳಿಗೆ ಸೆರಗು ಸ್ವಲ್ಪ ಅಲುಗಿದರೂ ಅವನ ಕೈ ತಾನಾಗಿ ಏಳುತ್ತಿತ್ತು. ಎದುರಿಗೆ ಕೂತಿದ್ದ ರೈತನೊಬ್ಬ ಇದನ್ನು ನೋಡಿ, ಅಕ್ಕನ ಮೇಲೆ ಎಂಥ ಅಂತಃಕರಣ ಅಂದುಕೊಂಡನೋ ಏನೋ, ಮೆಚ್ಚಿ ತಲೆಯಾಡಿಸಿದ. ಅಂತಃಕರಣವಂತೆ. ಸೆರಗಿನ ಕೆಳಗೆ ಇದ್ದದ್ದು ಜಡಿ. ಸಿದ್ದವ್ವ ಇನ್ನೂ ಲಂಗ ಉಡುವ ವಯಸ್ಸಿನಲ್ಲಿ, ದೇವಣಗಾಂವದ ಹಳೆಯ ಮನೆಯಲ್ಲಿ, ಕೂದಲು ತಾನಾಗಿ ಗಂಟುಗಟ್ಟಿ, ಬಾಚಣಿಕೆ ಒಳಗೆ ಹೋಗದಂತಾಗಿ, ವರ್ಷ ಕಳೆದಂತೆ ಬಾವಿಯ ಹಗ್ಗದಷ್ಟು ದಪ್ಪನಾಗಿ ಬೆಳೆದದ್ದು. ಈಗ ಅದನ್ನು ಸುತ್ತಿ ಸುತ್ತಿ, ಕೊಡ ಹೊರುವ ಸಿಂಬಿಯ ಹಾಗೆ ಹಿಂದಲೆಗೆ ಕಟ್ಟಿಕೊಂಡಿದ್ದಳು. ದೇವಿ ಎಲ್ಲವ್ವ ಬಂದು ತಲೆಯಲ್ಲಿ ಕೂತಿದ್ದಾಳೆ ಅಂತ ಊರು ಹೇಳಿತು. ಎಲ್ಲವ್ವ ಕೂತ ತಲೆಗೆ ಕತ್ತರಿ ತಾಗಿಸುವಂತಿಲ್ಲ, ಬಾಸಿಂಗ ಕಟ್ಟುವಂತಿಲ್ಲ. ಹಾಗೆ ಮದುವೆಯಿಲ್ಲದೆ ಉಳಿದುಹೋದ ತಲೆ ಇದು. ಅದರ ಪಕ್ಕದಲ್ಲಿ ಸೆರಗು ಕಾಯುತ್ತ ಕೂತವನು ಸಿಂದಗಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ, ವಿಜ್ಞಾನ ವೇದಿಕೆಯ ಸಭೆಗಳಲ್ಲಿ ಮೈಕು ಹಿಡಿಯುವ, ಊರೂರಿಗೆ ಹೋಗಿ ಪರರ ಮನೆಯ ಹೆಣ್ಣುಮಕ್ಕಳ ಜಡಿಗಳನ್ನು ಸ್ವಂತ ಕೈಯಿಂದ ಕತ್ತರಿಸಿ ಹಾರ ಹಾಕಿಸಿಕೊಂಡ ಬಸಂತರಾಯ.

ಅಕ್ಕನ ತಲೆಯೊಳಗೆ ಗಡ್ಡೆ ಇರುವುದು ಗೊತ್ತಾದದ್ದು ಕಣ್ಣಿನಿಂದ. ಜಡಿಗೆ ಕೈಮುಗಿಯಲು ಬಂದ ಹೆಂಗಸರ ಹಣೆಗೆ ಸಿದ್ದವ್ವ ಭಂಡಾರದ ಅರಿಸಿನ ಹಚ್ಚಲು ಹೋಗಿ ಮೂಗಿಗೆ, ಕೆನ್ನೆಗೆ ಹಚ್ಚತೊಡಗಿದಾಗ ಮೊದಮೊದಲು ಎಲ್ಲರೂ ನಕ್ಕರು. ಕೆಲವರು ಅದಕ್ಕೂ ಒಂದು ಅರ್ಥ ಕಟ್ಟಿ ಕೈಮುಗಿದರು. ಆಮೇಲೆ ಕಣ್ಣಿನ ಡಾಕ್ಟರು, ಸ್ಕ್ಯಾನು, ಅಲ್ಲಿಂದ ಈ ನೆಲಮಾಳಿಗೆ. ಹೋದ ವಾರ ಮೊದಲ ಸಲ ಬಂದಾಗ ಬಾಗಿಲ ಮೇಲೆ ಡಾ. ಬುಶ್ರಾ ಎಂಬ ಹೆಸರು ನೋಡಿದರೂ ಅವನಿಗೆ ಏನೂ ಹೊಳೆದಿರಲಿಲ್ಲ. ಒಳಗೆ ಹೋದರೆ ಆ ಹುಡುಗಿ ಕುರ್ಚಿ ಬಿಟ್ಟು ಎದ್ದು ನಿಂತು, ‘ಸರ, ನಾನ್ರಿ, ಇಂಡಿ ಬುಶ್ರಾ. ನಿಮ್ಮ ಕ್ಲಾಸಿನಾಗ ಎರಡನೇ ಬೆಂಚಿಗೆ ಕೂಡ್ತಿದ್ದೆ’ ಅಂದಳು. ಬಸಂತರಾಯನಿಗೆ ಹೆಮ್ಮೆಯಾಗಬೇಕಿತ್ತು. ಅವನ ಮನಸ್ಸು ಹೋದದ್ದು ಅಕ್ಕನ ಸೆರಗಿನ ಕಡೆಗೆ. ಅವನು ತಿರುಗಿ ನೋಡುವಷ್ಟರಲ್ಲಿ ಸಿದ್ದವ್ವ ಸೆಕೆಗೆ ಸೆರಗು ಸರಿಸಿ ಆಗಿತ್ತು. ಬುಶ್ರಾಳ ಕಣ್ಣು ಆ ಹಳದಿ ಮೆತ್ತಿದ ಸಿಂಬಿಯ ಮೇಲೆ ಒಂದು ಕ್ಷಣ ನಿಂತು, ಮರ್ಯಾದೆಯಿಂದ ಅಲ್ಲಿಂದ ಸರಿಯಿತು. ಬೇರೆ ಯಾರದೋ ಕಣ್ಣು ಹೀಗೆ ಸರಿದಿದ್ದರೆ ಬಸಂತರಾಯ ತಡೆದುಕೊಳ್ಳುತ್ತಿದ್ದ. ಈ ಹುಡುಗಿ ಕಾಲೇಜಿನ ಸ್ಟೇಜಿನ ಕೆಳಗೆ ಮೊದಲ ಸಾಲಿನಲ್ಲಿ ಕೂತು ಅವನ ಭಾಷಣ ಕೇಳಿದವಳು.

‘ಗಡ್ಡಿ ಕ್ಯಾನ್ಸರ್ ಅಲ್ರಿ ಸರ, ಮೆಲ್ಲಕ ಬೆಳಿಯೂದು’ ಅಂದಿದ್ದಳು ಪರದೆಯ ಮೇಲೆ ಅಕ್ಕನ ತಲೆಯ ಕಪ್ಪುಬಿಳುಪು ಚಿತ್ರ ತೆಗೆದು. ‘ಆದ್ರ ಕುಂತ ಜಾಗಾ ಕೆಟ್ಟ ಐತಿ, ಆಪರೇಷನ್ ಆಗೂದಿಲ್ಲ. ತಡಾ ಮಾಡಿದ್ರ ಕಣ್ಣ ಹೋಗತಾವ. ಕಿರಣ ಕೊಟ್ರ ಅವ್ವಾರು ಇನ್ನ ಭಾಳ ವರ್ಷ ಇರ್ತಾರ. ಅದಕ್ಕಽ ನನಗ ಗಡ್ಡೀಕಿಂತ ಅದರ ಮಗ್ಗಲದ್ದರ ಚಿಂತಿ ಜಾಸ್ತಿ.’ ಗಡ್ಡೆಯ ಸುತ್ತ ಕೆಂಪು ಗೆರೆ ಎಳೆದಳು. ಅದಕ್ಕೆ ಒತ್ತಿಕೊಂಡೇ ಅವರೆಬೀಜದ ಹಾಗೆ ಬಾಗಿದ ಒಂದು ಸಣ್ಣ ತುಣುಕು. ಅದರ ಸುತ್ತ ಹಸಿರು ಗೆರೆ. ‘ಇದು ನೆನಪ ಕೂಡಿಸಿಡೂ ಜಾಗಾ. ಇದಕ್ಕ ಏನೂ ಆಗಿಲ್ಲ, ಛಲೋ ಐತಿ. ಇದನ್ನ ಹಾಂಗಽ ಉಳಿಸೂದು ನನ್ನ ಕೆಲಸ.’ ಕಿರಣವನ್ನು ಒಂದೇ ಕಡೆಯಿಂದ ಬಿಡುವುದಿಲ್ಲ, ಸುತ್ತ ಹಲವು ಕಡೆಯಿಂದ ಸ್ವಲ್ಪ ಸ್ವಲ್ಪ ಬಿಟ್ಟು ಎಲ್ಲವೂ ಗಡ್ಡೆಯಲ್ಲಿ ಬಂದು ಕೂಡುವ ಹಾಗೆ ಮಾಡುತ್ತೇವೆ, ದಾರಿಯಲ್ಲಿರುವ ಒಳ್ಳೆಯ ಮಿದುಳಿಗೆ ಪೆಟ್ಟು ಕಡಿಮೆ, ಆ ಪೆಟ್ಟನ್ನೂ ಅದು ಮರುದಿನದೊಳಗೆ ಸುಧಾರಿಸಿಕೊಳ್ಳುತ್ತದೆ ಎಂದೆಲ್ಲ ಹೇಳುತ್ತ ಆಕೆ ಬಸಂತರಾಯನ ಮುಖ ನೋಡುತ್ತಿದ್ದಳು, ಪಾಠ ಒಪ್ಪಿಸುವಾಗ ನೋಡುವ ಹಾಗೆ. ಅವನು ಸರಿ ಎಂಬಂತೆ ತಲೆಯಾಡಿಸುತ್ತಿದ್ದ. ಇದಕ್ಕೆಲ್ಲ ತಲೆ ದಿನಾ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಕೂರಬೇಕು. ಅದಕ್ಕೇ ಮುಖಕ್ಕೆ ಅಚ್ಚು ಹಾಕಿ ಮಾಸ್ಕ್ ಮಾಡುವುದು. ‘ಎರಡ ಮಿಲಿಮೀಟರ್ ಅಲಗಿದ್ರೂ ನಾವು ಹಸಿರು ಗೆರಿ ಒಳಗ ಹೊಕ್ಕಂಗ. ಹಿಂದ ಈ ಜಡಿ ಇದ್ರ ತಲಿ ದಿನಾ ಒಂದೊಂದ ಕಡೆ ಹೊರಳತೈತ್ರಿ ಸರ. ಆವಾಗ ಗಡ್ಡಿ ಸುತ್ತ ಜಾಸ್ತಿ ಜಾಗಾ ಹಿಡೀಬೇಕಾಗತೈತಿ, ಹಸಿರು ಗೆರಿ ಉಳಿಯೂದಿಲ್ಲ. ಬೋಳ ಮಾಡಿಸ್ಕೊಂಡ ಕರ್ಕೊಂಡ ಬರ್ರಿ. ನಿಮಗೇನ ಹೇಳೂದ್ರಿ ನಾನು.’

ನಿಮಗೇನ ಹೇಳೂದ್ರಿ. ಹೌದು, ಅವನಿಗೆ ಏನು ಹೇಳುವುದು. ಮುದ್ದೇಬಿಹಾಳದ ಕಡೆ, ಬಸವನ ಬಾಗೇವಾಡಿಯ ಕಡೆ, ವೇದಿಕೆಯ ಜೀಪು ಹೋದಲ್ಲೆಲ್ಲ ಕತ್ತರಿ ಅವನ ಕೈಯಲ್ಲೇ ಇರುತ್ತಿತ್ತು. ಇದು ಬರೀ ಕೂದಲು, ಜಿಡ್ಡು ಧೂಳು ಕೂಡಿ ಆದ ಗಂಟು, ಇದರೊಳಗೆ ದೇವರೂ ಇಲ್ಲ ದೆವ್ವವೂ ಇಲ್ಲ, ಹೇನು ಮಾತ್ರ ಇವೆ ಅನ್ನುತ್ತಿದ್ದ, ಮಂದಿ ನಗುತ್ತಿದ್ದರು, ಆ ನಗೆ ಇಳಿಯುವುದರೊಳಗೆ ಕತ್ತರಿ ಆಡಿಬಿಡಬೇಕು, ಅದು ಅವನು ಕಂಡುಕೊಂಡ ಹದ. ನಿಡಗುಂದಿಯ ಹತ್ತಿರ ಒಬ್ಬಾಕೆ, ಜಡಿ ಕೆಳಗೆ ಬಿದ್ದ ಮೇಲೂ ಅದು ಇದ್ದ ಜಾಗದ ಬರಿಗಾಳಿಯನ್ನು ಕೈಯಿಂದ ತಡವುತ್ತ, ‘ಸರ, ನಿಮ್ಮ ಮನ್ಯಾಗ ಯಾರಿಗರೆ ಬಂದೈತೇನ್ರಿ?’ ಅಂತ ಕೇಳಿದ್ದಳು. ‘ಇಲ್ಲವ್ವಾ, ಬಂದಿದ್ರ ಅವತ್ತಽ ತಗೀತಿದ್ದೆ’ ಅಂದಿದ್ದ. ಚಪ್ಪಾಳೆ ಬಿತ್ತು. ಅವತ್ತು ಮನೆಗೆ ಬಂದು ಉಂಡ ರೊಟ್ಟಿಗೆ ಹೆಂಡತಿ ರಾಜೇಶ್ವರಿ ಹಸಿ ಕೊಬ್ಬರಿಯ ಚಟ್ನಿ ಮಾಡಿದ್ದಳು. ಅಂದು ಮಂಗಳವಾರ, ಅಕ್ಕನ ಜಡಿಗೆ ಬಂದ ತೆಂಗಿನಕಾಯಿಗಳು ಅಡಿಗೆಮನೆಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಸಿಂದಗಿಯ ಮನೆ ಕಟ್ಟಿಸುವಾಗ ಹಿತ್ತಲಿಗೆ ಇನ್ನೊಂದು ಬಾಗಿಲು, ಆ ಬಾಗಿಲಿಗೆ ಹಿಂದಿನ ಓಣಿಯಿಂದ ದಾರಿ ಇಡಿಸಿದ್ದ. ಇಂಜಿನಿಯರನಿಗೆ ಗಾಳಿ ಬೆಳಕಿನ ಕಾರಣ ಹೇಳಿದ್ದ. ಮುಂದಿನ ಬಾಗಿಲಿಂದ ವೇದಿಕೆಯವರು, ಹಿಂದಿನ ಬಾಗಿಲಿಂದ ಮಂಗಳವಾರ ಶುಕ್ರವಾರದ ಹೆಂಗಸರು. ಅಕ್ಕ ಯಾರು ಅಂತ ವೇದಿಕೆಯ ಗೆಳೆಯರು ಕೇಳಿದರೆ ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಾಳೆ ಅನ್ನುತ್ತಿದ್ದ. ಎಂದೂ ಇಲ್ಲದ ಆ ಭಾವನನ್ನು ಒಬ್ಬರ ಹತ್ತಿರ ಕಾಲುವೆಯಲ್ಲಿ ಮುಳುಗಿಸಿ, ಇನ್ನೊಬ್ಬರ ಹತ್ತಿರ ಆಲಮಟ್ಟಿ ರಸ್ತೆಯಲ್ಲಿ ಲಾರಿಯ ಕೆಳಗೆ ಹಾಕಿ ಎರಡು ಸಲ ಕೊಂದಿದ್ದ.

ಹಾಗಂತ ಅವನು ಪ್ರಯತ್ನ ಮಾಡಲಿಲ್ಲವೆ? ಮಾಡಿದ್ದ. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಬಂದ ವರ್ಷವೇ, ಅಕ್ಕಾ ಇದನ್ನ ತಗದ ಬಿಡ್ತೇನಿ ಅಂದಿದ್ದ. ಸಿದ್ದವ್ವ ಹೂಂ ಅಂದಳು. ಅವ್ವ ಮಾತ್ರ ನೆಲಕ್ಕೆ ಹಣೆ ಬಡಿದುಕೊಂಡು, ತಾನು ಸತ್ತ ಮೇಲೆ ಏನಾದರೂ ಮಾಡಿಕೊಳ್ಳಿರಿ ಅಂದಳು. ಅವ್ವ ಸತ್ತ ವರ್ಷ ಅವನ ಮದುವೆ ಗೊತ್ತಾಗಿತ್ತು. ಆಮೇಲೆ ರಾಜೇಶ್ವರಿ ಬಸಿರು, ಆಮೇಲೆ ಮನೆಯ ವಾಸ್ತುಶಾಂತಿ (ವಾಸ್ತುಶಾಂತಿಯನ್ನು ವೇದಿಕೆಯವರಿಗೆ ಚಹಾಕೂಟ ಅಂತ ಹೇಳಿದ್ದ), ಆಮೇಲೆ ಮಗಳ ಮದುವೆ. ಯಾವಾಗಲೂ ಒಂದಲ್ಲ ಒಂದು ಶುಭಕಾರ್ಯ ಅಡ್ಡ ಬರುತ್ತಿತ್ತು. ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ. ಅವಳಾಗಿ ಕೇಳದಿರುವುದನ್ನೇ ಅವಳ ನಂಬಿಕೆ ಅಂತ ಅವನು ತನ್ನ ಮನಸ್ಸಿಗೆ ಒಪ್ಪಿಸಿಬಿಟ್ಟಿದ್ದ, ಪಾಪ, ಹಳೆಯ ಕಾಲದವಳು, ಅವಳ ಭಾವನೆಗೆ ನೋವಾಗಬಾರದು. ಈಗ ಪಕ್ಕದ ಕುರ್ಚಿಯಲ್ಲಿ ಆಕೆ ಕುತ್ತಿಗೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿಸಿ ನೋವು ಇಳಿಸಿಕೊಳ್ಳುತ್ತಿದ್ದಳು. ಆ ಭಾರ ಹೊತ್ತು ಹೊತ್ತು ಆಕೆಯ ಕುತ್ತಿಗೆ ಯಾವಾಗಲೋ ಮುಂದಕ್ಕೆ ಬಾಗಿಬಿಟ್ಟಿತ್ತು. ಬಂದ ಹೆಂಗಸರು ಅದನ್ನು ಆಕೆಯ ವಿನಯ ಅನ್ನುತ್ತಿದ್ದರು. ‘ನೀರ ಬೇಕೇನಕ್ಕಾ?’ ಅಂತ ಕೇಳಿದ. ಆಕೆ ಬೇಡ ಅಂದಳು. ನಿನ್ನೆಯಿಂದ ಆಕೆ ಅವನ ಕೈಯಿಂದ ಏನನ್ನೂ ತೆಗೆದುಕೊಂಡಿರಲಿಲ್ಲ.

ನಿನ್ನೆ ಬೆಳಿಗ್ಗೆ ಮೊದಲು ಅವನು ಹೋದದ್ದು ಸಂಗಣ್ಣನ ಕಟಿಂಗ್ ಅಂಗಡಿಗೆ. ಮನೆಗೆ ಬಂದು ಒಂದು ತಲೆ ಬೋಳಿಸಬೇಕು, ಆಸ್ಪತ್ರೆಯವರು ಹೇಳಿದ್ದಾರೆ ಅಂದಾಗ ಸಂಗಣ್ಣ ಸಲೀಸಾಗಿ ಪೆಟ್ಟಿಗೆ ಎತ್ತಿಕೊಂಡ. ಯಾರ ತಲೆ ಅಂತ ತಿಳಿದ ಕೂಡಲೇ ಪೆಟ್ಟಿಗೆಯನ್ನು ಮತ್ತೆ ಕೆಳಗಿಟ್ಟ. ‘ಸರ, ನಿಮ್ಮ ದಾಡಿ ಜಲಮಪೂರ್ತಿ ಪುಕ್ಕಟ ಮಾಡ್ತೇನಿ. ಇದೊಂದ ಕೇಳಬ್ಯಾಡ್ರಿ. ನನ್ನ ಹೇಣ್ತಿ ಪ್ರತಿ ಶುಕ್ರವಾರ ಅಕ್ಕಾರ ಕಾಲಿಗೆ ಬೀಳಾಕ ಬರ್ತಾಳ. ಮತ್ತ ಹೊರಗಿನಾವ್ರು ಮುಟ್ಟೂಹಂಗಿಲ್ರಿ ಅದನ್ನ. ತಗದ್ರ ಮನಿ ಗಂಡಸಽ ತಗೀಬೇಕು, ನಿಮಗ ಗೊತ್ತಿಲ್ಲೇನ್ರಿ?’ ಗೊತ್ತಿತ್ತು. ಜಡಿ ಬಂದ ದಿನ ಅದಕ್ಕೆ ಮೊದಲ ಭಂಡಾರ ಹಚ್ಚಿದವರು ಅಪ್ಪ. ತೆಗೆದರೆ ಅದೇ ಮನೆಯ ಗಂಡಸಿನ ಕೈ ತೆಗೆಯಬೇಕು, ಎಲ್ಲವ್ವನ ಸಿಟ್ಟಿಗೆ ಏನಾದರೂ ಆದರೆ ಅದನ್ನು ಆ ಮನೆಯೇ ಹೊರಬೇಕು. ಬೇರೆ ಊರುಗಳಲ್ಲಿ ಈ ನಿಯಮವನ್ನು ಅವನು ಒಂದೇ ಮಾತಿನಲ್ಲಿ ಹಾರಿಸಿಬಿಡುತ್ತಿದ್ದ.

ಮನೆಗೆ ಬಂದರೆ ಸಿದ್ದವ್ವ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತೇ ಇದ್ದಳು. ತಲೆಗೆ ನೀರು ಹಾಕಿಕೊಂಡು ಸಿಂಬಿ ಬಿಚ್ಚಿದ್ದಳು. ಜಡಿ ಬೆನ್ನ ಮೇಲಿಂದ ಇಳಿದು ಕಲ್ಲಿನ ಮೇಲೆ ಬಿದ್ದು ಹಳದಿ ನೀರು ಇಳಿಸುತ್ತಿತ್ತು. ರಾಜೇಶ್ವರಿಯ ಬಟ್ಟೆ ಹೊಲಿಯುವ ಕತ್ತರಿಯನ್ನು ತಾನೇ ಕೇಳಿ ತಂದು ಪಕ್ಕದಲ್ಲಿಟ್ಟುಕೊಂಡಿದ್ದಳು. ‘ತಗಿ ಬಸಂತಾ’ ಅಂದಳು. ‘ನಿನ್ನ ಕೈಲೆ ತಗಿ. ನಾ ತಗೀಬೋದಿತ್ತು, ನಿಮಗ ಕೇಳದ ತಗದ್ರ ನಾಳಿ ಏನರೆ ಆದ್ರ ಆಕಿನಽ ಮಾಡಿದ್ಲು ಅಂತೀರಿ.’ ಅವನು ಕತ್ತರಿ ಹಿಡಿದು ಹಿಂದೆ ನಿಂತ. ‘ನಿನಗ ಹೆದರಿಕಿ ಇಲ್ಲಕ್ಕಾ?’ ಅಂತ ಕೇಳಿದ. ಸಭೆಯ ಧ್ವನಿ ಬರಬೇಕಾದಲ್ಲಿ ಬೇರೆ ಧ್ವನಿ ಬಂತು. ‘ನಾ ಎಂದರೆ ನಂಬೇನಿ ಅಂದೇನೇನು? ಅಪ್ಪ ನಂಬಿದ. ಊರ ನಂಬತು. ನೀವು ಉಂಡ್ರಿ. ನನಗ ನನ್ನ ತಲಿ ಬೇಕೋ ತಮ್ಮಾ. ಅದರಾಗ ಇದ್ದದ್ದ ಬಿಟ್ರ ನನ್ನ ಹಂತ್ಯಾಕ ಮತ್ತೇನೈತಿ?’ ಆಗ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು ಶೈಲಶ್ರೀ. ಹೆರಿಗೆಗೆ ತವರಿಗೆ ಬಂದ ಮಗಳು. ಚೌಕಟ್ಟಿಗೆ ಒಂದು ಕೈ, ತುಂಬಿದ ಹೊಟ್ಟೆಯ ಮೇಲೆ ಒಂದು ಕೈ. ‘ಅಪ್ಪಾ’ ಅಂದಳು, ಅಷ್ಟೇ. ಆಕೆಯೂ ವಿಜ್ಞಾನ ಓದಿದವಳೇ.

ಅಷ್ಟಕ್ಕೆ ಅವನ ಬೆರಳು ನಿಂತುಬಿಟ್ಟವು. ಇದು ನಂಬಿಕೆಯಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೂದಲಿಗೂ ಕೂಸಿಗೂ ನಡುವೆ ಯಾವ ದಾರಿಯೂ ಇಲ್ಲ, ಯಾವ ಬಲವೂ ಇಲ್ಲ, ಕರಿಹಲಗೆಯ ಮೇಲೆ ಬರೆದು ತೋರಿಸಬಲ್ಲ. ಆದರೂ ಕತ್ತರಿ ಆಡಿದ ಮೇಲೆ, ಮುಂದಿನ ಎರಡು ತಿಂಗಳಲ್ಲಿ, ಆ ಹೊಟ್ಟೆಯಲ್ಲಿ ಏನಾದರೂ ಆದರೆ? ಆಗಬಹುದು, ಯಾರಿಗೆ ಬೇಕಾದರೂ ಆಗುತ್ತದೆ, ಕಾರಣ ಬೇರೆ ಇರುತ್ತದೆ. ಆದರೆ ರಾಜೇಶ್ವರಿಯ ಕಣ್ಣು, ಬೀಗರ ಕಣ್ಣು, ಅದಕ್ಕಿಂತ ಮುಖ್ಯವಾಗಿ ನಡುರಾತ್ರಿ ತನ್ನದೇ ಮನಸ್ಸು ಒಂದು ಮಾತು ಹೇಳುತ್ತದೆ, ಅದನ್ನು ಆಮೇಲೆ ಯಾವ ಭಾಷಣದಿಂದಲೂ ಬಾಯಿ ಮುಚ್ಚಿಸಲು ಆಗುವುದಿಲ್ಲ. ಪರರ ಮನೆಯ ಜಡಿ ಕತ್ತರಿಸಿ ಜೀಪು ಹತ್ತಿದ ಮೇಲೆ ಆ ಮನೆಗಳಲ್ಲಿ ಏನಾಯಿತು ಅಂತ ಅವನು ಎಂದೂ ತಿರುಗಿ ಕೇಳಿರಲಿಲ್ಲ. ‘ಕತ್ತರಿ ಮೊಂಡ ಆಗೇತಿ’ ಅಂದ. ಅಂದ ಕೂಡಲೇ ತನ್ನ ಮಾತಿನ ನಾಚಿಕೆಗೆ ಕಿವಿ ಬಿಸಿಯಾದವು. ಸಿದ್ದವ್ವ ತಿರುಗಿ ನೋಡಲಿಲ್ಲ. ‘ಹರಿತ ಮಾಡಿಸ್ಕೊಂಡ ಬಾ. ಕುಂತಿರ್ತೇನಿ’ ಅಂದಳು.

ಅವನು ಕತ್ತರಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಜಾರಕ್ಕೆ ಹೋದ. ಸಾಣೆ ಹಿಡಿಯುವವನ ಮುಂದೆ ಹಾದು ಹೋದ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಚಹಾ ಕುಡಿದ, ಮತ್ತೊಂದು ಕುಡಿದ, ಪರಿಚಯದವರು ಸಿಕ್ಕರೆ ಪಠ್ಯಪುಸ್ತಕದ ಬಗ್ಗೆ ಮಾತಾಡಿದ. ಬಿಸಿಲು ಏರಿದ ಮೇಲೆ, ಈಗ ಎದ್ದಿರುತ್ತಾಳೆ ಅಂತ ಲೆಕ್ಕ ಹಾಕಿ ಮನೆಗೆ ಬಂದ. ಸಿದ್ದವ್ವ ಅದೇ ಮಣೆಯ ಮೇಲೆ ಕೂತಿದ್ದಳು. ನೆರಳು ಸರಿದುಹೋಗಿ ಸುಡುವ ಬಿಸಿಲು ನೇರ ನೆತ್ತಿಯ ಮೇಲೆ ಬಿದ್ದಿತ್ತು. ಜಡಿ ಒಣಗಿ ಗಟ್ಟಿಯಾಗಿತ್ತು. ರಾಜೇಶ್ವರಿ ಅವನನ್ನು ಒಳಗೆ ಕರೆದು, ‘ನಾ ಎಷ್ಟ ಸಲ ಎಬ್ಬಿಸಿದೆ, ಏಳವಲ್ರು. ನೀವರೆ ಹೇಳ್ರಿ. ಶೈಲಾ ಒಳಗ ಅಳಾಕತ್ತಾಳ್ರಿ. ಹೆರಿಗಿ ಒಂದ ಆಗಲಿ, ಆಮ್ಯಾಲೆ ಬೇಕಾದ್ದ ಮಾಡ್ರಿ, ನಿಮ್ಮ ಕಾಲ ಬೀಳ್ತೇನಿ’ ಅಂದಳು. ಜೀವನವಿಡೀ ಆ ಜಡಿಯ ವಾಸನೆಗೆ ಮೂಗು ಮುರಿದವಳು ಇವಳೇ. ಬಸಂತರಾಯ ಹೊರಗೆ ಬಂದು, ‘ಅ‌ಕ್ಕಾ, ಅಂಗಡಿ ಮುಚ್ಚಿತ್ತು. ನಾಳೆ ದವಾಖಾನ್ಯಾಗಽ ನೋಡೂಣಂತ’ ಅಂದ. ಆಕೆ ನೆಲಕ್ಕೆ ಕೈ ಊರಿ ಎದ್ದಳು, ಜಡಿಯನ್ನು ತಾನೇ ಸುತ್ತಿಕೊಂಡಳು, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು.

‘ಸಿದ್ದವ್ವ, ಸಿಂದಗಿ’ ಅಂತ ಯಾರೋ ಕೂಗಿದರು. ಒಳಗೆ ಬುಶ್ರಾ ಇಂದೂ ಎದ್ದು ನಿಂತಳು. ಬಸಂತರಾಯ ಅಕ್ಕನನ್ನು ಕೂರಿಸಿ ಸೆರಗು ಸರಿಪಡಿಸಲು ಹೋದ. ಬುಶ್ರಾ ಅದಾಗಲೇ ನೋಡಿದ್ದಳು. ಆಕೆಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಅದಕ್ಕಿಂತ ಕೆಟ್ಟದ್ದು ಕಂಡಿತು: ಸರ್ ಏನೋ ಕಾರಣ ಹೇಳುತ್ತಾರೆ ಎಂಬ ಭರವಸೆ. ಕತ್ತರಿ ನನ್ನ ಕೈಯಲ್ಲಿತ್ತು, ಆಗಲಿಲ್ಲ ಅನ್ನಬೇಕು ಅಂತ ಬಸ್ಸಿನಲ್ಲಿ ಬರುವಾಗ ಅವನು ಮನಸ್ಸಿನಲ್ಲಿ ಆಡಿಕೊಂಡು ಬಂದಿದ್ದ. ಬಾಯಿ ತೆರೆದಾಗ ಬಂದದ್ದು ಬೇರೆ. ‘ಅಕ್ಕ ಒಪ್ಪಲಿಲ್ಲವ್ವಾ. ಭಾಳ ಹೇಳಿದೆ’ ಅಂದ. ಮಾತು ಎಷ್ಟು ಸರಾಗವಾಗಿ ಬಂತೆಂದರೆ ಅರೆಕ್ಷಣ ಅವನಿಗೇ ನಿಜವೆನಿಸಿತು. ಸಿದ್ದವ್ವ ಮಂಜಾದ ಕಣ್ಣನ್ನು ಮೆಲ್ಲಗೆ ಅವನ ಕಡೆ ತಿರುಗಿಸಿದಳು. ಅವನು ಗೋಡೆಗೆ ಅಂಟಿಸಿದ್ದ ಕೈ ತೊಳೆಯುವ ಚಿತ್ರವನ್ನು ನೋಡತೊಡಗಿದ.

‘ಅವ್ವಾರ’ ಅಂದಳು ಬುಶ್ರಾ, ಕುರ್ಚಿ ಹತ್ತಿರ ಎಳೆದುಕೊಂಡು. ಕಿವುಡರಿಗೆ ಹೇಳುವ ಹಾಗೆ ಜೋರಾಗಿ, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ‘ಕೂದಲ ದೊಡ್ಡದೋ ತಲಿ ದೊಡ್ಡದೋ? ಸರ್ ಎಷ್ಟ ಮಂದಿಗೆ ತಿಳಿಸಿ ಹೇಳ್ಯಾರ, ನಿಮಗ ಹೇಳಲಿಲ್ಲೇನ್ರಿ?’ ಸಿದ್ದವ್ವ ಸೆರಗನ್ನು ತಾನೇ ತಲೆಯ ಮೇಲೆ ಎಳೆದುಕೊಂಡಳು. ‘ಹೇಳ್ಯಾನವಾ. ಹೇಳಿ ಹೇಳಿ ಸಾಕಾದ. ನಾನಽ ಒಲ್ಲೆ ಅಂದೆ’ ಅಂದಳು. ಬುಶ್ರಾ ನಿಟ್ಟುಸಿರು ಬಿಟ್ಟು ಬಸಂತರಾಯನ ಕಡೆ ನೋಡಿ, ‘ನಿಮಗೂ ಎಷ್ಟ ಕಷ್ಟ ಆಗಿರಬೇಕ್ರಿ ಸರ, ಮನ್ಯಾಗಿನಾವ್ರಽ ಹಿಂಗ ಮಾಡಿದ್ರ’ ಅಂದಳು. ಆ ಸಾಂತ್ವನ ಅವನೊಳಗೆ ತಂಪಾಗಿ ಇಳಿಯಿತು. ಅದು ತಂಪಾಗಿಯೇ ಇಳಿಯಿತೆಂಬುದು ಅವನಿಗೆ ಗೊತ್ತಾಯಿತು, ಗೊತ್ತಾದ ಮೇಲೂ ಅವನು ಅದನ್ನು ಉಗುಳಲಿಲ್ಲ. ನರ್ಸ್ ಒಬ್ಬಾಕೆ ಕೂದಲು ತೆಗೆಯುವ ಮಿಷನ್ನು, ಕತ್ತರಿ, ಒಂದು ಹಳೆಯ ಚಾದರ ತಂದು ಮೇಜಿನ ಮೇಲಿಟ್ಟಳು. ‘ಈಗೂ ಹೂಂ ಅಂದ್ರ ಇಲ್ಲೇ ತಗೀತೇವ್ರಿ ಅವ್ವಾರ, ನಿಮಗ ಏನೂ ಆಗೂದಿಲ್ಲ’ ಅಂದಳು ಬುಶ್ರಾ. ಎಲ್ಲರೂ ಸಿದ್ದವ್ವನನ್ನು ನೋಡಿದರು. ಸಿದ್ದವ್ವ ತಮ್ಮನನ್ನು ನೋಡಿದಳು. ನಿನ್ನೆ ಹಿತ್ತಲಲ್ಲಿ ನೋಡದೆ ಉಳಿಸಿಕೊಂಡದ್ದನ್ನೆಲ್ಲ ಸೇರಿಸಿ ನೋಡಿದಳು. ಹೂಂ ಅನ್ನು, ಒಂದು ಅಕ್ಷರ, ಅದನ್ನು ನೀನು ಹೇಳು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಿತ್ತು ಆ ನೋಟ. ಬಸಂತರಾಯನಿಗೆ ಅದು ತಿಳಿಯಲಿಲ್ಲ ಅಂತಲ್ಲ. ಅವನ ಕಣ್ಣ ಮುಂದೆ ಚೌಕಟ್ಟು ಹಿಡಿದು ನಿಂತ ಮಗಳು ಬಂದಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ‘ಬ್ಯಾಡವಾ’ ಅಂದಳು ಸಿದ್ದವ್ವ ಡಾಕ್ಟರಿಗೆ. ‘ಇರಲಿ ಬಿಡು.’

‘ಹಂಗಾರ ಕೇಳ್ರಿ, ನಾ ಮುಚ್ಚಿಡೂದಿಲ್ಲ’ ಅಂದಳು ಬುಶ್ರಾ. ಧ್ವನಿಯಿಂದ ಮಗುವಿಗೆ ಹೇಳುವ ರಾಗ ಹೋಗಿತ್ತು. ‘ಈ ಜಡಿ ಇಟ್ಕೊಂಡ ಕಿರಣ ಕೊಟ್ರ ಗಡ್ಡಿ ಸುಡತೈತಿ, ಅದರ ಸಂಗಾಟ ನೆನಪಿನ ಜಾಗಾಕ್ಕೂ ತಾಗತೈತಿ. ಒಮ್ಮೆಲೆ ಗೊತ್ತಾಗೂದಿಲ್ಲ, ಬರ್ತಾ ಬರ್ತಾ ಗೊತ್ತಾಗತೈತಿ. ಹಳೇದೆಲ್ಲಾ ಉಳಿತೈತ್ರಿ, ನಿಮ್ಮ ಅಪ್ಪ, ಅವ್ವ, ಊರು ಎಲ್ಲಾ. ಹೊಸಾದು ನಿಲ್ಲೂದಿಲ್ಲ. ಇವತ್ತ ನೋಡಿದಾವ್ರು ನಾಳಿಗೆ ಯಾರಂತ ತಿಳಿಯೂದಿಲ್ಲ.’ ಸಿದ್ದವ್ವ ಆ ಮಾತನ್ನು ಗಮನವಿಟ್ಟು ಕೇಳಿದಳು. ಹಳೇದು, ಹೊಸಾದು ಅಂತ ತುಟಿಯೊಳಗೇ ಅಂದುಕೊಂಡಳು. ಒಪ್ಪಿಗೆಯ ಹೆಬ್ಬೆಟ್ಟು ಆಕೆಯದು, ಸಾಕ್ಷಿಯ ಸಹಿ ಬಸಂತರಾಯನದು. ಬಾಗಿಲವರೆಗೆ ಬಂದ ಬುಶ್ರಾ ಅವನಿಗೆ ಮಾತ್ರ ಕೇಳುವಂತೆ, ‘ಸೋಮವಾರ ಕಿರಣ ಶುರು ಮಾಡ್ತೇವ್ರಿ ಸರ. ಅಷ್ಟರಾಗ ಅವ್ವಾರ ಮನಸ ಬದಲಾದ್ರ ಒಂದ ಫೋನ್ ಮಾಡ್ರಿ, ಜಡಿ ಇಲ್ಲದ ತಲಿಗೆ ಮಾಸ್ಕ್ ಮತ್ತ ಮಾಡೂಣು. ನೀವು ಹೇಳಿದ್ರ ಕೇಳ್ತಾರ’ ಅಂದಳು. ಆಯಿತೆಂದು ಅವನು ತಲೆಯಾಡಿಸಿದ.

ಮಾಸ್ಕ್ ಮಾಡುವ ಕೋಣೆಯ ಗಾಜಿನ ಆಚೆ ನಿಂತು ನೋಡಿದ. ಸಿದ್ದವ್ವನನ್ನು ಕಿರಿದಾದ ಹಲಗೆಯ ಮೇಲೆ ಮಲಗಿಸಿದರು. ಜಡಿಯ ಸಿಂಬಿ ತಲೆಯ ಕೆಳಗೆ ಒತ್ತಿ, ಕತ್ತು ಮೇಲೆದ್ದು ಗದ್ದ ಎದೆಗೆ ತಾಗಿತು. ಸಿಂಬಿ ಬಿಚ್ಚಿ ಜಡಿಯನ್ನು ಬಲಕ್ಕೆ ಸರಿಸಿದರು, ತಲೆ ಎಡಕ್ಕೆ ವಾಲಿತು. ಎಡಕ್ಕೆ ಸರಿಸಿದರು, ಬಲಕ್ಕೆ ವಾಲಿತು. ಮಾಸ್ಕ್ ಹಾಕುವ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದುಕೊಂಡರು. ಕೊನೆಗೆ ಹೇಗೋ ಒಂದು ಓರೆಯಲ್ಲಿ ನಿಲ್ಲಿಸಿ, ಬಿಸಿನೀರಿನಿಂದ ಮೆತ್ತಗಾದ ಬಿಳಿಯ ಪ್ಲಾಸ್ಟಿಕ್ ಜಾಲರಿಯ ಹಾಳೆಯನ್ನು ತೆಗೆದು ಮುಖದ ಮೇಲೆ ಎಳೆದು ಹಲಗೆಗೆ ಕಚ್ಚಿಸಿದರು. ಮೂಗು, ಹುಬ್ಬು, ತುಟಿ ಹಾಳೆಯ ಮೇಲೆ ಮೂಡಿದವು. ಅದು ಅಕ್ಕನ ಮುಖವೇ ಆಗಿತ್ತು, ಯಾರನ್ನೂ ನೋಡದ ಮುಖ. ಅದು ಗಟ್ಟಿಯಾಗುವವರೆಗೆ ಆಕೆ ಬೆರಳು ಸಹ ಅಲುಗಿಸಲಿಲ್ಲ. ಹೊರಗೆ ಬಂದ ಮೇಲೆ ಹುಡುಗನೊಬ್ಬ ಬಸಂತರಾಯನಿಗೆ, ‘ಭಾಳ ಛಲೋ ಮಲಗ್ತಾರ್ರಿ ಅಜ್ಜಿ. ಜಡಿ ಒಂದ ಇರದಿದ್ರ’ ಅಂದ.

ಸಂಜೆಯ ಸಿಂದಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಆಕೆಯನ್ನು ಕೂರಿಸಿದ. ಸೋಮವಾರಕ್ಕೆ ಇನ್ನೂ ದಿನಗಳಿವೆ, ಮನೆಗೆ ಹೋಗಿ ಎಲ್ಲರನ್ನೂ ಎದುರಿಗೆ ಕೂರಿಸಿ ಒಂದು ಮಾತು ಹೇಳಿಬಿಡುತ್ತೇನೆ ಅಂತ ಯೋಚಿಸಿದ. ಹೇಳುವ ಮಾತುಗಳನ್ನೂ ಜೋಡಿಸಿದ, ಚೆನ್ನಾಗಿ ಜೋಡಿಸಿದ. ಜೋಡಿಸುತ್ತಿರುವಾಗಲೇ ತಾನು ಫೋನ್ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಕೂಸು ಹುಟ್ಟಿ, ಆರಾಮಾಗಿ ಹುಟ್ಟಿ, ಹೆಸರಿಡುವ ಬಾರಸ ಮುಗಿದ ಮೇಲೆ ಇದೆಲ್ಲ ಸಣ್ಣದಾಗಿ ಕಾಣುತ್ತದೆ. ಆಗ ಅಕ್ಕನನ್ನು ಬಹಳ ಚೆನ್ನಾಗಿ ನೋಡಿಕೊಳ್ಳಬೇಕು, ಇಷ್ಟು ವರ್ಷ ನೋಡಿಕೊಳ್ಳದ ಹಾಗೆ, ಮುಂದಿನ ಕೋಣೆಯನ್ನೇ ಆಕೆಗೆ ಬಿಟ್ಟುಕೊಡಬೇಕು, ತಾನೇ ಕೈಹಿಡಿದು ತಿರುಗಾಡಿಸಬೇಕು. ಇದನ್ನು ಯೋಚಿಸುವಾಗ ಅವನ ಕಣ್ಣು ತೇವವಾದವು. ಬಸ್ಸು ದೇವರ ಹಿಪ್ಪರಗಿ ದಾಟಿದ ಮೇಲೆ ಸಿದ್ದವ್ವ, ‘ಬಸಂತಾ’ ಅಂದಳು.

‘ಏನಕ್ಕಾ?’

‘ಆ ಹುಡುಗಿ ಹೇಳಿದ್ದು ನನಗ ತಿಳೀತು. ಶೈಲಾನ ಕೂಸು ಹೊಸಾದರಾಗ ಬಂತು. ದಿನಾ ಕೇಳ್ತೇನಿ ಇದ ಯಾರ ಕೂಸಂತ. ಸಿಟ್ಟ ಆಗಬ್ಯಾಡಂತ ಹೇಳ ಆಕಿಗೆ. ದಿನಾ ಒಂದ ಸಲ ಹೇಳಂತ ಹೇಳು, ನಾ ಆ ಹೊತ್ತಿಗೆ ಖುಷಿ ಪಡತೇನಿ.’

‘ಹಾಂಗೇನ ಆಗೂದಿಲ್ಲಕ್ಕಾ. ನಾ ಅದೇನಿ. ನಾ ಎಲ್ಲಾ ನೋಡ್ಕೋತೇನಿ ಇನ್ನಮ್ಯಾಲೆ.’

‘ನೋಡ್ಕೋ. ಅದೂ ಹೊಸಾದಽ. ನಿಲ್ಲೂದಿಲ್ಲ.’ ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ತರಕಾರಿ ಹೆಚ್ಚುವಾಗ ಆಡುವ ಹಾಗೆ ಆಡಿದಳು. ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಹೋಗುತ್ತಿದ್ದವು. ಆಕೆಗೆ ಅವು ಎಷ್ಟು ಕಾಣುತ್ತಿದ್ದವೋ. ‘ಒಂದ ಕೇಳ್ತೇನಿ, ಖರೇ ಹೇಳು. ನೀ ಸಾಲಿ ಕಲತಾವ.’

‘ಕೇಳು.’

‘ನೀ ಇವತ್ತ ಆಕಿ ಮುಂದ ಅಂದೆಲ್ಲ, ಅಕ್ಕ ಒಪ್ಪಲಿಲ್ಲಂತ. ಅದು ಹಳೇದರಾಗ ಬರತೈತೋ ಹೊಸಾದರಾಗೋ?’

ಬಸಂತರಾಯ ಉತ್ತರ ಹುಡುಕಬೇಕಾಗಿರಲಿಲ್ಲ. ಕಿರಣ ಶುರುವಾಗುವುದು ಸೋಮವಾರ. ಅಲ್ಲಿಯವರೆಗೆ ಹಸಿರು ಗೆರೆಯ ಒಳಗೆ ಏನೂ ಆಗುವುದಿಲ್ಲ, ಅಲ್ಲಿಯವರೆಗೆ ಬಂದದ್ದೆಲ್ಲ ಅಲ್ಲಿ ಕೂಡಿಬೀಳುತ್ತದೆ, ನಿನ್ನೆಯ ಬಿಸಿಲೂ, ಇವತ್ತಿನ ಮಾತೂ. ಅದರ ಮೇಲೆ ಅವನು ಮುಂದೆ ಏನು ತಂದು ಸುರಿದರೂ ಅಂಟುವುದಿಲ್ಲ. ಕಂಡಕ್ಟರ್ ಸಿಂದಗಿ, ಸಿಂದಗಿ ಅಂತ ಕೂಗಿದ. ಮಂದಿ ಎದ್ದರು. ಸಿದ್ದವ್ವ ಏಳಲಿಲ್ಲ, ಉತ್ತರಕ್ಕೆ ಕಾಯುತ್ತ ಅವನ ಕಡೆಗೇ ಮುಖ ಹಿಡಿದು ಕೂತಿದ್ದಳು.

‘ಹಳೇದರಾಗ’ ಅಂದ.